ಮುನಿಯಪ್ಪಣ್ಣನನ್ನು ನಾವು ಬಿಟ್ಟುಕೊಡಲಿಲ್ಲ

ಹೋದ ತಿಂಗಳು ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೂತಿದ್ದೆ. ಎದುರು ಸೀಟಿನವನೊಬ್ಬ ಹೊಸ ಕ್ರಿಕೆಟ್ ಬ್ಯಾಟನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟ್ಟೆ ಚೂರಿನಲ್ಲಿ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತುಬಿಟ್ಟೆ. ಟೇಕಲ್ ದಾಟಿದರೂ ವಾಪಸ್ ಬಂದು ಕೂರಲಿಲ್ಲ. ನನ್ನ ಹೆಂಡತಿ ಹಿಂದೆಯೇ ಬಂದು, "ಏನಾಯ್ತು, ತಲೆ ಸುತ್ತುತ್ತಾ?" ಅಂದಳು. ತಲೆ ಸುತ್ತಿರಲಿಲ್ಲ. ನಾಚಿಕೆಯಾಗಿತ್ತು. ಇಷ್ಟು ವರ್ಷ ಕಳೆದ ಮೇಲೂ ಆಗುವಂಥ ನಾಚಿಕೆ.

ಹಾಕಿ ಸ್ಟಿಕ್ಕಿಗೂ ಇದೇ ಎಣ್ಣೆ ಹಚ್ಚುತ್ತಾರೆ. ನನಗೆ ಆ ವಾಸನೆ ಅಂದರೆ ಒಬ್ಬನೇ ಮನುಷ್ಯ, ಒಂದೇ ವರ್ಷ.

ಇಸವಿ ಅರವತ್ತರ ಆಚೀಚಿನ ಮಾತು. ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಕೆ.ಜಿ.ಎಫ್.ನ ಒಂದು ಗಣಿಯಲ್ಲಿ ಟೈಮ್ ಆಫೀಸಿನ ಗುಮಾಸ್ತನಾಗಿದ್ದೆ. ಯಾವ ಗಣಿ ಅಂತ ಹೇಳುವುದಿಲ್ಲ, ಕೇಳಲೂಬೇಡಿ. ಪಾಳಿಗೆ ಯಾರು ಇಳಿದರು, ಯಾರು ಮೇಲೆ ಬಂದರು ಅಂತ ಕಿಟಕಿಯ ಹಿಂದೆ ಕೂತು ಬರೆಯುವುದು ನನ್ನ ಕೆಲಸ. ಊರು ಬಂಗಾರಪೇಟೆ ಪಕ್ಕದ ಹಳ್ಳಿ. ದಿನಾ ಬೆಳಗಿನ ಗಾಡಿ ಹಿಡಿದು ಹೋಗುತ್ತಿದ್ದೆ. ಆ ಗಾಡಿಯ ಹಿಂದಿನ ಡಬ್ಬಿ ನಮ್ಮದು, ಅಂದರೆ ಬೂದಿಕೋಟೆ, ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಗಣಿ ಕೂಲಿಗೆ ಬರುವವರದು. ಡಬ್ಬಿಯಲ್ಲಿ ಮಳೆ ಬೆಳೆಯ ಮಾತು ಐದು ನಿಮಿಷ. ಉಳಿದದ್ದೆಲ್ಲ ಹಾಕಿ.

ಈಗಿನವರು ನಂಬುವುದಿಲ್ಲ. ಅಲ್ಲಿ ಒಂದೊಂದು ವಿಭಾಗಕ್ಕೂ ಒಂದೊಂದು ಟೀಮು. ನಮ್ಮದು ಶಾಫ್ಟ್ ಟೀಮು, ನೆಲದಡಿ ಇಳಿಯುವವರದು. ನಮ್ಮ ಜನ್ಮವೈರಿ ವರ್ಕ್‌ಶಾಪ್ ಟೀಮು. ಅವರು ಮೇಲೆ, ಬೆಳಕಿನಲ್ಲಿ ಕೆಲಸ ಮಾಡುವವರು. ಮೈದಾನ ಅಂದರೆ ಹುಲ್ಲು ಗಿಲ್ಲು ಏನೂ ಇಲ್ಲ, ಗಟ್ಟಿ ಕೆಂಪು ನೆಲ. ಪಕ್ಕದಲ್ಲೇ ಸೈನೈಡ್ ದಿಬ್ಬ, ಚಿನ್ನ ತೆಗೆದು ಬಿಸಾಡಿದ ಹಿಟ್ಟಿನಂಥ ಮಣ್ಣಿನ ಗುಡ್ಡ. ಆಷಾಢದ ಗಾಳಿ ಎದ್ದರೆ ಆ ಹಿಟ್ಟೆಲ್ಲ ಮೈದಾನಕ್ಕೆ. ಆಡುವವರು, ನೋಡುವವರು, ಕಡಲೆಕಾಯಿ ಮಾರುವವಳು, ಎಲ್ಲರ ಹುಬ್ಬೂ ಬೆಳ್ಳಗೆ.

ಶಾಫ್ಟ್ ಟೀಮಿನಲ್ಲಿ ತಮಿಳಿನವರಿದ್ದರು, ತೆಲುಗಿನವರಿದ್ದರು, ಆಂಗ್ಲೋ-ಇಂಡಿಯನ್ ಅಣ್ಣತಮ್ಮಂದಿರಿಬ್ಬರು ಇದ್ದರು. ನಮ್ಮ ಕಡೆಯವನು ಅಂತ ಹೇಳಿಕೊಳ್ಳಲು ಒಬ್ಬನೇ ಒಬ್ಬ: ಮುನಿಯಪ್ಪಣ್ಣ. ಬೂದಿಕೋಟೆ ಕಡೆಯ ಕುರಿ ಕಾಯುವವರ ಮಗ. ಹುಣಿಸೆ ಕೊಂಬೆ ಬಗ್ಗಿಸಿ ಸ್ಟಿಕ್ ಮಾಡಿಕೊಂಡು ಆಟ ಕಲಿತವನು. ಗಣಿಗೆ ಸೇರಿ ಡ್ರಿಲ್ಲರ್ ಆದ, ತೀರ ಕೆಳಗಿನ ಮಟ್ಟದಲ್ಲಿ ಕಲ್ಲು ಕೊರೆಯುವ ಕೆಲಸ. ಟೀಮಿನಲ್ಲಿ ಸೆಂಟರ್ ಹಾಫ್, ಅಂದರೆ ಮೈದಾನದ ನಟ್ಟನಡುವೆ ನಿಂತು ಎದುರಾಳಿಯಿಂದ ಚೆಂಡು ಕಿತ್ತು ಮುಂದಿನವರಿಗೆ ಕೊಡುವವನು. ಹತ್ತು ಹನ್ನೆರಡು ವರ್ಷ ಆ ಜಾಗದಲ್ಲಿ ಅವನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ನಮಗೆ ಅವನು ಆಟಗಾರನಲ್ಲ, ಮನೆಯವನು.

ಆ ವರ್ಷದ ಆಷಾಢದಲ್ಲಿ ಚೆಂಡು ದಾಟತೊಡಗಿತು.

ಓಡುತ್ತಾ ಓಡುತ್ತಾ ಮುನಿಯಪ್ಪಣ್ಣ ನಿಂತುಬಿಡುತ್ತಿದ್ದ. ಸ್ಟಿಕ್ಕಿನ ಮೇಲೆ ಎರಡೂ ಕೈ ಊರಿ ಬಗ್ಗಿ ಕೆಮ್ಮುತ್ತಿದ್ದ. ಗಂಟಲಿಗೆ ಅಂತ ಬಾಯಲ್ಲಿ ಯಾವಾಗಲೂ ಬೆಲ್ಲದ ಚೂರು. ಕೇಳಿದರೆ, "ಬೀಡಿ ಜಾಸ್ತಿಯಾಯ್ತು ಕಣ್ರಪ್ಪಾ," ಅನ್ನುತ್ತಿದ್ದ. ಸಾಲಾಗಿ ಮೂರು ಆಟ ಸೋತೆವು. ಡಬ್ಬಿಯಲ್ಲಿ ಎಲ್ಲರೂ ವೈದ್ಯರೇ. ಒಬ್ಬ ಕಾಲುಸೂಪು ಅಂದ, ಒಬ್ಬ ದೃಷ್ಟಿ ಅಂದ. ನಂಜಪ್ಪ ಅಂತ ಒಬ್ಬನಿದ್ದ, ಕೆಳಗೆ ಅದಿರಿನ ಗಾಡಿ ತಳ್ಳುವವನು, ಗಂಟಲು ತಮಟೆಯಂಥದ್ದು. ಅವನು ತನ್ನ ಮನೆಯ ಹುಂಜವನ್ನೇ ಒಂದು ಭಾನುವಾರ ಕಂಕುಳಲ್ಲಿಟ್ಟುಕೊಂಡು ಹೋಗಿ ಕಂಪನಿ ಮುನಿಯಪ್ಪಣ್ಣನಿಗೆ ಕೊಟ್ಟಿದ್ದ ಲೈನು ಮನೆಗೆ ಕೊಟ್ಟು ಬಂದ.

ನಿಜ ಬೇರೆ ಇತ್ತು. ನನಗೆ ಗೊತ್ತಾದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಾವೆಲ್ಲ ಎಂಥ ಕತ್ತೆಗಳು ಅಂತ ಮೊದಲೇ ಗೊತ್ತಿರಲಿ. ಮುನಿಯಪ್ಪಣ್ಣನ ಎದೆಗೆ ಕಲ್ಲಿನ ದೂಳು ಇಳಿದಿತ್ತು. ಇನ್ನೊಂದೆರಡು ವರ್ಷ ಕೆಳಗೆ ಇಳಿದರೆ ಉಳಿಯಲ್ಲ ಅಂತ ಅವನಿಗೇ ತಿಳಿದಿತ್ತು. ಡಾಕ್ಟರ ಹತ್ತಿರ ಹೋಗುವಂತಿಲ್ಲ. ಎದೆ ಕೆಟ್ಟಿದೆ ಅಂತ ಕಾಗದದಲ್ಲಿ ಬಿದ್ದರೆ 'ಅನ್‌ಫಿಟ್' ಅಂತ ಮನೆಗೆ ಕಳಿಸುತ್ತಿದ್ದರು. ಕೆಲಸವೂ ಹೋಯಿತು, ಲೈನು ಮನೆಯೂ ಹೋಯಿತು. ಕಾಯಿಲೆ ಅನ್ನದೆ ಮೇಲೆ ಬರಲು ಇದ್ದದ್ದು ಒಂದೇ ದಾರಿ, ಹಾಕಿ. ಆಟಗಾರನನ್ನು ಒಂದು ಟೀಮಿನಿಂದ ಇನ್ನೊಂದಕ್ಕೆ ಕಳಿಸಿದರೆ ಅವನ ಕೆಲಸವೂ ಆ ವಿಭಾಗಕ್ಕೆ ಹೋಗುವುದು ಅಲ್ಲಿನ ಪದ್ಧತಿ.

ವರ್ಕ್‌ಶಾಪ್ ಟೀಮಿನಲ್ಲಿ ಡೇವಿಡ್ ಅಂತ ಒಬ್ಬ ಹಳೇ ಫಾರ್ವರ್ಡ್ ಇದ್ದ. ತಮಿಳಿನವನು. ಮಂಡಿ ಹೋಗಿ ಅವನ ಆಟವೂ ಮುಗಿಯುತ್ತಾ ಬಂದಿತ್ತು. ದಿನವಿಡೀ ಯಂತ್ರದ ಮುಂದೆ ನಿಲ್ಲಲಾರ. ನಮ್ಮ ಶಾಫ್ಟಿನ ಲ್ಯಾಂಪ್ ರೂಮಿನಲ್ಲಿ ಕೂತು ದೀಪ ಒರೆಸುವ ಕೆಲಸವೊಂದು ಖಾಲಿ ಇತ್ತು. ಅದನ್ನು ಮುನಿಯಪ್ಪಣ್ಣನೇ ಕೇಳುವಂತಿಲ್ಲ, ಡ್ರಿಲ್ಲರ್ ಹಗುರ ಕೆಲಸ ಕೇಳಿದರೆ ನೇರ ಡಾಕ್ಟರ ಮುಂದೆ ನಿಲ್ಲಿಸುತ್ತಿದ್ದರು. ಇಬ್ಬರೂ ಮೈದಾನದಲ್ಲಿ ಹತ್ತು ವರ್ಷ ಹೊಡೆದಾಡಿದವರು, ಗುಟ್ಟಾಗಿ ಕೂತು ಮಾತಾಡಿಕೊಂಡರು. ಡೇವಿಡ್ ಶಾಫ್ಟಿಗೆ, ಮುನಿಯಪ್ಪಣ್ಣ ವರ್ಕ್‌ಶಾಪಿಗೆ. ನಮ್ಮ ಟೀಮಿನ ಸೆಕ್ರೆಟರಿ ಒಬ್ಬ ಫೋರ್‌ಮನ್, ಒಳ್ಳೆಯ ಮನುಷ್ಯ. ಅವನೂ ಒಪ್ಪಿದ. ಬಾಯಿ ಬಿಡಬಾರದು ಅಂತ ಮೂವರೂ ಮಾತು ಕೊಟ್ಟುಕೊಂಡರು.

ಗೌರಿ ಹಬ್ಬ ಕಳೆದ ವಾರ, ಜಿಟಿಜಿಟಿ ಮಳೆಯಲ್ಲಿ, ಟೈಮ್ ಆಫೀಸಿನ ಹಲಗೆಗೆ ಚೀಟಿ ಬಿತ್ತು. ಎರಡು ಸಾಲು. ಟೀಮಿನ ಹಿತಕ್ಕಾಗಿ ಇಬ್ಬರನ್ನು ಅದಲು ಬದಲು ಮಾಡಲಾಗಿದೆ, ಮುಂದಿನ ತಿಂಗಳಿಂದ ಜಾರಿ.

ಆ ಸಂಜೆ ವಾಪಸ್ ಗಾಡಿಯಲ್ಲಿ ನಮ್ಮ ಡಬ್ಬಿ ಹೊತ್ತಿ ಉರಿಯಿತು.

"ಏನ್ಲಾ ಇದು, ದನದ್ ಸಂತೇನಾ? ನಮ್ಮೆತ್ತು ಕೊಟ್ಟು ಕುಂಟೆತ್ತು ಇಡ್ಕಂಡು ಬಂದವ್ರಲ್ಲೋ!" ನಂಜಪ್ಪ ಸೀಟಿನ ಮೇಲೆ ಹತ್ತಿ ನಿಂತಿದ್ದ.

"ಆ ಡೇವಿಡ್ಡು ಓಡಾಕಿರ್ಲಿ, ಮೈದಾನಕ್ ನಡ್ಕಂಡ್ ಬರೋಕೆ ಅರ್ಧ ದಿನ ಬೇಕು."

"ನಮ್ಮೋನು ಒಬ್ನಿದ್ದ. ಅವನ್ನೂ ಕಿತ್ರು. ಅಳ್ಳಿಯೋರು ಅಂದ್ರೆ ಇವ್ರಿಗೆ ಅಷ್ಟು ಸದರ!"

ನಂಜಪ್ಪ ನನ್ನ ಕಡೆ ಬೊಟ್ಟು ತೋರಿಸಿದ. "ಸೀನಾ, ನೀನ್ ಇಂಗ್ಲೀಸ್ ಕಲ್ತೋನು. ಬರಿಯಪ್ಪಾ ಅರ್ಜಿ. ದೊಡ್ಡ್ ಸಾಯೇಬ್ರಿಗೇ ಬರಿ. ಸೈನಾ, ಎಬ್ಬೆಟ್ಟಾ, ಏನ್ ಬೇಕೋ ನಾವ್ ಆಕ್ತೀವಿ."

ನಾನು ಬರೆದೆ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ, ಹೆಮ್ಮೆಯಿಂದ ಬರೆದೆ. ಎರಡು ರಾತ್ರಿ ಕೂತು ಹೈಸ್ಕೂಲಿನಲ್ಲಿ ಕಲಿತ ದೊಡ್ಡ ದೊಡ್ಡ ಪದಗಳನ್ನೆಲ್ಲ ಸುರಿದೆ. ಮುನಿಯಪ್ಪನವರು ಇಬ್ಬರು ಯುವಕರಿಗೆ ಸಮ. ಅತ್ಯಂತ ಆಳದ ಮಟ್ಟದಲ್ಲಿ ಪೂರಾ ಪಾಳಿ ಕೊರೆದರೂ ದಣಿವು ಕಾಣರು. ಅವರ ಎದೆ ಕಮ್ಮಾರನ ತಿದಿಯಂತಿದೆ. ಅವರಿಗೆ ಮುಪ್ಪು, ಆಯಾಸ ಎಂಬುದೆಲ್ಲ ಹೊಟ್ಟೆಕಿಚ್ಚಿನವರ ಸುಳ್ಳು. ಅವರನ್ನು ಶಾಫ್ಟಿನಿಂದ ತೆಗೆದರೆ ಕಾರ್ಮಿಕರ ಮನಸ್ಸು ಕೆಡುತ್ತದೆ. ಹೀಗೇ ಒಂದೂವರೆ ಹಾಳೆ. ಮಾರನೇ ಬೆಳಿಗ್ಗೆ ಗಾಡಿಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ತಿದಿಯ ಸಾಲಿಗೆ ಜನ ಚಪ್ಪಾಳೆ ಹೊಡೆದರು. ಆಫೀಸಿನ ಇಂಕ್ ಪ್ಯಾಡನ್ನು ನಾನೇ ಚೀಲದಲ್ಲಿ ತಂದಿದ್ದೆ. ಬಂಗಾರಪೇಟೆಯಿಂದ ಕೋರಮಂಡಲ್ ಸ್ಟೇಷನ್ ಬರುವಷ್ಟರಲ್ಲಿ ಹಾಳೆಯ ಹಿಂದೆ ಮುಂದೆ ನೀಲಿ ಹೆಬ್ಬೆಟ್ಟು. ಅವತ್ತು ಪಾಳಿಗೆ ಇಳಿದವರ ಬೆರಳೆಲ್ಲ ನೀಲಿ.

ದೊಡ್ಡ ಸಾಹೇಬರಿಗೆ ಹಾಕಿಯೂ ಬೇಕಿರಲಿಲ್ಲ, ಮುನಿಯಪ್ಪನೂ ಬೇಕಿರಲಿಲ್ಲ. ಅಷ್ಟೊಂದು ಹೆಬ್ಬೆಟ್ಟು ನೋಡಿ, ಎಲ್ಲಿ ಕೆಲಸ ನಿಲ್ಲಿಸುತ್ತಾರೋ ಅಂತ ಅಂಜಿದರು. ನಾಲ್ಕೇ ದಿನಕ್ಕೆ ಹಲಗೆಯ ಮೇಲೆ ಇನ್ನೊಂದು ಚೀಟಿ: ಕಾರ್ಮಿಕರ ಕೋರಿಕೆಯಂತೆ ಅದಲು ಬದಲು ರದ್ದು.

ಪಾಳಿ ಮುಗಿದು ಕೇಜು, ಅಂದರೆ ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರ, ಮೇಲೆ ಬಂದಾಗ ಶಾಫ್ಟಿನ ಬಾಯಲ್ಲೇ ಕಾಯುತ್ತಿದ್ದೆವು. ಮುನಿಯಪ್ಪಣ್ಣ ಹೊರಗೆ ಕಾಲಿಡುತ್ತಲೇ ನಂಜಪ್ಪ ಸೇವಂತಿಗೆ ಹಾರ ಹಾಕಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡ. "ನಿನ್ನ ಬಿಟ್ಕೊಡ್ಲಿಲ್ಲಣ್ಣಾ! ನಾವಿರಗಂಟ ನಿನ್ನ ಯಾವನೂ ಮುಟ್ಟಂಗಿಲ್ಲ!" ಗೆದ್ದ ಮೇಲೆ ಹೇಳೋಣ ಅಂತ ಅರ್ಜಿಯ ವಿಷಯ ಮುಚ್ಚಿಟ್ಟಿದ್ದೆವು, ಮುನಿಯಪ್ಪಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವನ ಮುಖ ಹೇಗಾಯಿತು ಅಂತ ನಾನು ಬರೆಯಲಾರೆ. ಏನೋ ಹೇಳಲು ಬಾಯಿ ತೆರೆದ, ಕೆಮ್ಮು ಬಂತು. ಮತ್ತೆ ತೆರೆದ, ಮತ್ತೆ ಕೆಮ್ಮು. ನಾವು ಕೂಗುತ್ತಲೇ ಇದ್ದೆವು. ಅಣ್ಣನಿಗೆ ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಅಂತ ನಾನೇ ಪಕ್ಕದವನಿಗೆ ಹೇಳಿದೆ.

ಮಾರನೇ ದಿನ ಹತ್ತು ಗಂಟೆಗೆ ನನ್ನ ಕಿಟಕಿಯ ಮುಂದೆ ಅವನ ಹೆಂಡತಿ ಯಲ್ಲಮ್ಮಕ್ಕ ಬಂದು ನಿಂತಳು.

"ಗುಮಾಸ್ತಪ್ಪ ಅಂದ್ರೆ ನೀನೇನಾ?"

"ಔದಕ್ಕಾ. ಏನಾಗ್ಬೇಕಿತ್ತು?"

"ಎದೆ ತಿದಿ ಇದ್ದಂಗೈತೆ ಅಂತ ಬರ್ದ್ಯಂತೆ. ಬಾರಪ್ಪಾ ನಮ್ಮನೆಗೆ, ಒಂದ್ ರಾತ್ರಿ ಮಲಕ್ಕೋ. ಆ ತಿದಿ ಎಂಗ್ ಕುಯ್‌ಗುಡ್ತದೆ ನೀನೂ ಕೇಳು."

ಹಿಂದೆ ಜನ ಇದ್ದರು. ಅವಳು ದನಿ ಇಳಿಸಿ ಎಲ್ಲವನ್ನೂ ಹೇಳಿದಳು, ದೂಳು, ಡಾಕ್ಟರು, ಡೇವಿಡ್, ಲ್ಯಾಂಪ್ ರೂಮು. ಅಳಲಿಲ್ಲ. "ಗೋಡೆಗೆ ಒರಗ್ಕಂಡು ಕೂತೇ ನಿದ್ದೆ ಮಾಡ್ತಾನೆ. ಮಲಗಿದ್ರೆ ಉಸ್ರು ಕಟ್ತದೆ. ಇನ್ ಎಂಟ್ ದಿನ ಇತ್ತು ಮೇಲಕ್ ಬರೋಕೆ. ಎಂಟೇ ದಿನ. ಅವನ್ ಮೇಲೆ ಅಷ್ಟು ಪಿರೂತಿ ಏನಪ್ಪಾ ನಿಮಗೆ? ಯಾರ್ ಕೇಳಿದ್ರು?" ಅಂದು ಹೋದಳು.

ನಾನು ಪುಸ್ತಕ ಹಾಗೇ ಬಿಟ್ಟು ಸೆಕ್ರೆಟರಿಯ ಹತ್ತಿರ ಓಡಿದೆ. ಅವನು ನನ್ನನ್ನು ನೋಡಿ ತಲೆ ಅಲ್ಲಾಡಿಸಿದ. "ಈಗ್ ಏನ್ ಮಾಡ್ಲಿ ಹೇಳು? ಕಾಯಿಲೆ ಅಂತ ಬರೆದ್ರೆ ಡಾಕ್ಟರ್ ಬೋರ್ಡಿನ ಮುಂದೆ ನಿಲ್ಲಿಸಿ ಮನೆಗ್ ಕಳಿಸ್ತಾರೆ. ಸುಮ್ನೆ ಅದಲು ಬದಲು ಅಂತ ಕೇಳಿದ್ರೆ, ಜನಾನೇ ಬೇಡ ಅಂದವ್ರಲ್ಲ ಅಂತಾರೆ. ನೀನ್ ಬರ್ದಿದ್ದು ಫೈಲಲ್ಲಿ ಕೂತೈತಪ್ಪಾ. ಜನಾನೇ ವಾಪಸ್ ಬಂದು ಇವನು ಬೇಡ, ಡೇವಿಡ್ ಕೊಡಿ ಅಂತ ಕೇಳ್ಬೇಕು. ಇನ್ ಬೇರೆ ದಾರಿ ಇಲ್ಲ."

ಜನಕ್ಕೆ ನಿಜ ಹೇಳುವ ಹಾಗಿಲ್ಲ. ಡಬ್ಬಿಗೆ ಗೊತ್ತಾದರೆ ಸಂಜೆಯೊಳಗೆ ಕೆ.ಜಿ.ಎಫ್.ಗೆಲ್ಲ ಗೊತ್ತು. ನಂಜಪ್ಪನ ಹತ್ತಿರ ಸುಮ್ಮನೆ ಪೀಠಿಕೆ ಹಾಕಿದೆ: ಅಣ್ಣನಿಗೂ ವಯಸ್ಸಾಯ್ತು, ಅವತ್ತಿನ ಅದಲು ಬದಲೇ ಸರಿಯಿತ್ತೇನೋ ಅಂತ. ಅವನು ನನ್ನ ಅಂಗಿಯ ಕಾಲರ್ ಹಿಡಿದ. "ವರ್ಕ್‌ಶಾಪಿನೋರು ನಿಂಗೇನ್ ಕುಡಿಸಿದ್ರ್ಲಾ? ಇನ್ನೊಂದ್ ಸಲ ಅಂದ್ರೆ ಗಾಡಿಯಿಂದ ಕೆಳಕ್ ಬಿಸಾಕ್ಬುಡ್ತೀನಿ."

ಕಾರ್ತಿಕ ಬಂತು. ಬೆಳಿಗ್ಗೆ ಚಳಿ, ಗಾಡಿಯ ಕಿಟಕಿಯೆಲ್ಲ ಮಂಜು. ಆಫೀಸಿನಲ್ಲಿ ನನ್ನ ಕಿಟಕಿಯ ಮುಂದೆ ದಿನಾ ನಿಲ್ಲುತ್ತಿದ್ದ ಮುನಿಯಪ್ಪಣ್ಣ ದಿನಕ್ಕಿಷ್ಟು ಅಂತ ತೆಳ್ಳಗಾಗುತ್ತಿದ್ದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ತಿಂಗಳ ಕೊನೆಗೆ ಬಂಗಾರಪೇಟೆಯ ರೈಲ್ವೆ ಮೈದಾನದಲ್ಲಿ ಆ ವರ್ಷದ ಕಪ್ಪಿನ ಫೈನಲ್ ಗೊತ್ತಾಯಿತು. ಶಾಫ್ಟಿಗೂ ವರ್ಕ್‌ಶಾಪಿಗೂ. ಆಂಗ್ಲೋ-ಇಂಡಿಯನ್ ಅಣ್ಣತಮ್ಮಂದಿರ ಗೋಲುಗಳಿಂದ ನಾವು ಹೇಗೋ ಅಲ್ಲಿವರೆಗೆ ತೆವಳಿಕೊಂಡು ಬಂದಿದ್ದೆವು. ಅವತ್ತೇ ನನಗೆ ಆ ಉಪಾಯ ಹೊಳೆದದ್ದು. ಸಂಜೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಸ್ಟಿಕ್ಕಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ.

"ಅಣ್ಣಾ, ಭಾನುವಾರ ಕೆಟ್ಟದಾಗಿ ಆಡು," ಅಂದೆ. "ಎಲ್ಲಾ ಬಿಟ್ಬಿಡು. ಡೇವಿಡ್ ನಿನ್ನ ಮೇಲೇ ಬರ್ತಾನೆ, ನಾನು ಹೇಳಿದೀನಿ. ಅವನನ್ನ ಹೋಗೋಕ್ ಬಿಡು. ಅವನು ಗೋಲು ಹೊಡೀಲಿ. ನಮ್ಮೂರ ಮುಂದೆ, ಫೈನಲ್‌ನಲ್ಲಿ ನಿನ್ನಿಂದ ಸೋತ್ರೆ ಜನಾನೇ ನಿನ್ನ ಬೇಡ ಅಂತಾರೆ. ಅಲ್ಲೇ ಹೆಬ್ಬೆಟ್ಟು ಹಾಕಿಸ್ಕೋತೀನಿ."

ಅವನು ನಕ್ಕ. ನಕ್ಕು ಕೆಮ್ಮಿದ. "ಚೆನ್ನಾಗ್ ಆಡೋದ್ ಕಲಿಯೋಕೆ ಅರ್ಧ ಆಯಸ್ಸು ಓಯ್ತು. ಈಗ ಕೆಟ್ದಾಗ್ ಆಡೋದು ನೀನ್ ಕಲಿಸ್ತೀಯೇನ್ಲಾ?"

ಒಳಗಿನಿಂದ ಯಲ್ಲಮ್ಮಕ್ಕನ ದನಿ ಬಂತು. "ಅದನ್ನೂ ಕಲ್ತ್ಕೋ. ಸೋತು ಬಾ ನನ್ನಪ್ಪಾ. ನಿನ್ ದಮ್ಮಯ್ಯ."

ಅವನು ಎಣ್ಣೆ ಬಟ್ಟೆ ಮಡಚಿಟ್ಟ. "ಆಯ್ತು ಬುಡು," ಅಂದ.

ಭಾನುವಾರ ರೈಲ್ವೆ ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲ. ಸುತ್ತ ಹಳ್ಳಿಗಳವರೆಲ್ಲ ಗಾಡಿ ಕಟ್ಟಿಕೊಂಡು ಬಂದಿದ್ದರು. ನನ್ನ ಜೇಬಿನಲ್ಲಿ ಎರಡನೇ ಅರ್ಜಿ, ಚೀಲದಲ್ಲಿ ಇಂಕ್ ಪ್ಯಾಡು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ವರ್ಕ್‌ಶಾಪ್ ಒಂದು ಗೋಲು ಹೊಡೆಯಿತು. ಚೆಂಡು ಮುನಿಯಪ್ಪಣ್ಣನ ಕಾಲ ಪಕ್ಕದಲ್ಲೇ ಹೋಯಿತು, ಅವನು ಸ್ಟಿಕ್ ಅಲ್ಲಾಡಿಸಲಿಲ್ಲ. ನಟನೆಯೋ, ನಿಜವಾಗಿ ಆಗಲಿಲ್ಲವೋ ಗೊತ್ತಿಲ್ಲ. ಮತ್ತೆ ಮತ್ತೆ ಚೆಂಡು ಅವನನ್ನು ದಾಟಿತು. ನಮ್ಮ ಗೋಲ್‌ಕೀಪರನಿಂದಾಗಿ ಉಳಿದೆವು. ಅರ್ಧ ಆಟ ಮುಗಿದಾಗ ನಂಜಪ್ಪ ನೆಲದ ಮೇಲೆ ಕೂತು ಹುಲ್ಲುಕಡ್ಡಿ ಮುರಿಯುತ್ತಿದ್ದ. ನನ್ನ ಕಡೆ ನೋಡದೆ ಅಂದ, "ನೀನ್ ಅಂದಿದ್ದು ನಿಜ ಕಣ್ಲಾ ಸೀನಾ. ಅಣ್ಣ ಮುಗುದೋದ. ಆ ಡೇವಿಡ್ಡೇ ಬಂದಿದ್ರೆ ವಾಸಿಯಿತ್ತು." ಜೇಬಿಗೆ ಕೈ ಹಾಕಿದೆ. ಇನ್ನೂ ಸ್ವಲ್ಪ ಹೊತ್ತು, ಇವರೆಲ್ಲ ಪೂರ್ತಿ ಬೇಸತ್ತ ಮೇಲೆ ತೆಗೆಯೋಣ ಅಂತ ಸುಮ್ಮನಾದೆ.

ಎರಡನೇ ಅರ್ಧದಲ್ಲಿ ಆಂಗ್ಲೋ-ಇಂಡಿಯನ್ ತಮ್ಮ ಒಂದು ಗೋಲು ಹೊಡೆದು ಸಮ ಮಾಡಿದ. ಆಮೇಲೆ ಎರಡೂ ಕಡೆ ಏನೂ ಆಗಲಿಲ್ಲ. ಬಿಸಿಲು ಓರೆಯಾಯಿತು. ಕೊನೆಯ ಎರಡು ಮೂರು ನಿಮಿಷ ಇರಬೇಕು, ಡೇವಿಡ್‌ಗೆ ಚೆಂಡು ಸಿಕ್ಕಿತು. ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದ. ಕುಂಟುತ್ತಲೇ, ಮೈದಾನವೆಲ್ಲ ಖಾಲಿಯಿದ್ದರೂ ನೆಟ್ಟಗೆ ಮುನಿಯಪ್ಪಣ್ಣನ ಮೇಲೇ ಬಂದ. ತೀರ ಹತ್ತಿರ ಬಂದ. ಚೆಂಡನ್ನು ಸ್ಟಿಕ್ಕಿನಿಂದ ಒಂದು ಗೇಣು ಮುಂದೆ ಬಿಟ್ಟುಕೊಂಡು ಬಂದ, ನಾನು ದಾಟಿ ಹೋಗುತ್ತೇನೆ, ನೀನು ಸುಮ್ಮನೆ ನಿಂತಿರು ಅನ್ನುವ ಹಾಗೆ.

ಮುನಿಯಪ್ಪಣ್ಣ ಸುಮ್ಮನೆ ನಿಲ್ಲಲಿಲ್ಲ. ಅವನ ಎಡಗಾಲು ಮುಂದೆ ಹೋಯಿತು, ಸ್ಟಿಕ್ ನೆಲಕ್ಕೆ ಮಲಗಿತು, ಚೆಂಡು ಡೇವಿಡ್‌ನ ಮುಂದಿನಿಂದ ಮಾಯವಾಯಿತು. ನಾವು ನೋಡುತ್ತಾ ಬೆಳೆದ ಆಟ ಅದು. ಚೆಂಡು ಹಿಡಿದು ಅವನು ಓಡಿದ. ಮೂರು ತಿಂಗಳಿಂದ ನೆಟ್ಟಗೆ ನಡೆಯಲಾಗದವನು ಓಡಿದ. ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ತಪ್ಪಿಸಿ ಬಲಗಡೆಗೆ ನೆಲ ಸವರುವ ಹಾಗೆ ಒಂದು ಪಾಸ್ ಕೊಟ್ಟ. ಗೋಲು.

ಕೂಗಿದವರಲ್ಲಿ ನಾನೂ ಇದ್ದೆ. ಸುಳ್ಳು ಯಾಕೆ ಹೇಳಲಿ. ಜೇಬಿನಲ್ಲಿದ್ದ ಅರ್ಜಿ, ಯಲ್ಲಮ್ಮಕ್ಕ, ದೂಳು, ಯಾವುದೂ ನೆನಪಿರಲಿಲ್ಲ. ನಂಜಪ್ಪನನ್ನು ತಬ್ಬಿಕೊಂಡು ಗಂಟಲು ಹರಿಯುವ ಹಾಗೆ ಕೂಗಿದೆ. ಕಣ್ಣು ತಿರುಗಿಸಿದಾಗ ಮುನಿಯಪ್ಪಣ್ಣ ಮೈದಾನದ ನಡುವೆ ಅಂಗೈ, ಮಂಡಿ ಊರಿಕೊಂಡು ಬಗ್ಗಿದ್ದ. ಪಕ್ಕದಲ್ಲಿ ಡೇವಿಡ್ ಮಂಡಿಯೂರಿ ಅವನ ಬೆನ್ನು ನೀವುತ್ತಿದ್ದ. ನಾನು ಓಡಿ ಹೋದೆ. ಡೇವಿಡ್ ತಮಿಳಿನಲ್ಲಿ ಅದೊಂದೇ ಮಾತು ಹೇಳುತ್ತಿದ್ದ, "ವಿಟ್ಟುಡುನ್ನು ಸೊನ್ನೇನೇಪ್ಪಾ... ವಿಟ್ಟುಡುನ್ನು ಸೊನ್ನೇನೇ..." ಬಿಟ್ಟುಬಿಡು ಅಂತ ಹೇಳಿದ್ದೆನಲ್ಲಪ್ಪಾ ಅಂತ.

ಅವನನ್ನು ಮನೆ ಮುಟ್ಟಿಸಲು ನಾವೆಲ್ಲ ಕೆ.ಜಿ.ಎಫ್. ಗಾಡಿ ಹತ್ತಿ, ಕಿಟಕಿ ಪಕ್ಕ ಕೂರಿಸಿದೆವು. ಡಬ್ಬಿಯೆಲ್ಲ ತಮಟೆ, ಕುಣಿತ. ಅವನ ಉಸಿರು ಸೀಟಿ ಹೊಡೆಯುತ್ತಿತ್ತು. ನನ್ನ ಕಿವಿಗೆ ಬಾಯಿಟ್ಟು, "ಬಿಟ್ಬುಡಾನ ಅಂತ್ಲೇ ಇದ್ದೆ ಕಣಪ್ಪಾ," ಅಂದ. "ಬಾಲು ಕಾಲತ್ರಕ್ ಬಂದ್ಬುಡ್ತು." ಟವಲಿನಿಂದ ಬಾಯಿ ಒರೆಸಿಕೊಂಡು ಮತ್ತೆ ಅಂದ, "ನಮ್ಮೋಳ್ಗೆ ಸೋತ್ವಿ ಅಂತ ಯೇಳ್ಬುಡು."

ಹೇಳುವುದು ಹೇಗೆ? ನಾವು ಲೈನು ಮನೆ ಮುಟ್ಟುವ ಮೊದಲೇ ತಮಟೆ ಮುಟ್ಟಿತ್ತು. ಯಲ್ಲಮ್ಮಕ್ಕ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲಿದ್ದ ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಗೆದ್ರಾ?"

"ಗೆದ್ವಕ್ಕಾ."

"ಇವ್ನು ಎಂಗಾಡ್ದ?"

ಸುಳ್ಳು ಹೇಳಬಹುದಿತ್ತು. "ಬೋ ಚೆನ್ನಾಗ್ ಆಡ್ದಕ್ಕಾ," ಅಂದೆ. ಒಂದೇ ಒಂದು ಗಳಿಗೆ ಅವಳ ಮುಖದಲ್ಲೂ ಹೆಮ್ಮೆ ಬಂತು. ನಾನು ಕಣ್ಣಾರೆ ಕಂಡೆ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಎರಡನೇ ಅರ್ಜಿಗೆ ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ನಾನು ಅದನ್ನು ಯಾರಿಗೂ ತೋರಿಸಲೇ ಇಲ್ಲ. ಮುನಿಯಪ್ಪಣ್ಣ ಮುಂದಿನ ಬೇಸಿಗೆ ಪೂರ್ತಿ ನೋಡಲಿಲ್ಲ. ಆ ದಿನಗಳನ್ನು ಬರೆಯುವ ಶಕ್ತಿ ನನಗಿಲ್ಲ. ನನ್ನನ್ನು ಈಗಲೂ ಬಿಡದೆ ಕಾಡುವುದು ಫೈನಲ್ ಮುಗಿದ ಮಾರನೇ ದಿನ, ಸೋಮವಾರದ ಮೊದಲ ಪಾಳಿ. ಶಾಫ್ಟಿನ ಮುಂದೆ ಉದ್ದ ಸಾಲು. ಅವನು ಟವಲನ್ನು ಕಿವಿಗೆ ಸುತ್ತಿಕೊಂಡು ಎಲ್ಲರ ಹಿಂದೆ ಬಂದು ನಿಂತ. ನಂಜಪ್ಪ ತಿರುಗಿ ನೋಡಿ, "ಏಯ್, ಜಾಗ ಬಿಡ್ರೋ, ಅಣ್ಣ ಬಂದ!" ಅಂತ ಕೂಗಿದ. ಸಾಲಿನಲ್ಲಿದ್ದವರೆಲ್ಲ ಎರಡು ಕಡೆ ಸರಿದರು. ಕೆಲವರು ಕೈ ಮುಗಿದರು. ಮೊದಲನೇ ಕೇಜಿನಲ್ಲಿ ಅವನೇ ಇಳಿಯಲಿ ಅಂತ, ಮರ್ಯಾದೆಗೆ, ಎಲ್ಲರೂ ದಾರಿ ಬಿಟ್ಟರು. ಅವನು ಆ ದಾರಿಯಲ್ಲಿ ನಿಧಾನವಾಗಿ ನಡೆದು ನನ್ನ ಕಿಟಕಿಗೆ ಬಂದ. ನಾನು ಅವನ ಹೆಸರು ಬರೆದುಕೊಂಡೆ.